ಪದ ಬೇಕಾಗಿದೆ, ಶನಿವಾರದೊಳಗೆ: ಸಬ್‌ಫ್ರೇಮ್ ಕನೆಕ್ಟರ್

ಸೋಮವಾರ, ಮಿಶಿಗನ್‌ನಿಂದ

ಪದಚರ್ಚೆಯ ಈ ಬಳಗದ ಎಲ್ಲರಿಗೂ ನಮಸ್ಕಾರ.

ಇಲ್ಲಿ ಕನ್ನಡ ಕಲಿಯುತ್ತಿರುವ ಮಕ್ಕಳು ಶನಿವಾರ ನಮ್ಮ ಮನೆಗೆ 1968ರ ಶೆವರ್ಲೆ ಕಮಾರೊ ನೋಡಲು ಬರುತ್ತಿದ್ದಾರೆ. ಕಾರಿನ ಪಕ್ಕ ನಿಲ್ಲಿಸಲು ಕನ್ನಡದಲ್ಲೇ ಒಂದು ಫಲಕ ಮಾಡಿಸುತ್ತಿದ್ದೇನೆ. ಎಂಜಿನ್ನು, ಗೇರು, ಬ್ರೇಕು ಹಾಗೇ ಬರೆದುಬಿಟ್ಟೆ, ಅದರಲ್ಲಿ ನನಗೆ ತಕರಾರಿಲ್ಲ. ತೊಡಕಾಗಿರುವುದು ಸಬ್‌ಫ್ರೇಮ್ ಕನೆಕ್ಟರ್. ಎರಡು ಬೇಸಿಗೆ ಅದರಡಿ ಅಂಗಾತ ಮಲಗಿ ಕೆಲಸ ಮಾಡಿದ್ದೇನೆ, ಆದರೆ ಮಗಳು 'ಇದಕ್ಕೆ ಕನ್ನಡದಲ್ಲಿ ಏನಪ್ಪ?' ಎಂದಾಗ ಬಾಯಿ ಕಟ್ಟಿಹೋಯಿತು.

ವಸ್ತು ಇಂಥದು. ಲಾರಿಗಿರುವಂತೆ ಈ ಕಾರಿಗೆ ಮೂತಿಯಿಂದ ಬಾಲದವರೆಗೆ ಒಂದೇ ಚಾಸಿ ಇಲ್ಲ. ಎಂಜಿನ್ನನ್ನೂ ಮುಂದಿನ ಗಾಲಿಗಳನ್ನೂ ಹೊತ್ತ ಗಿಡ್ಡ ಚೌಕಟ್ಟೊಂದು ಮುಂದಿದೆ, ನಡುವೆ ರಬ್ಬರ್ ಬುಷ್ ಎಂಬ ಮೆತ್ತೆ ಇಟ್ಟು ಬೋಲ್ಟಿನಿಂದ ಬಾಡಿಗೆ ಬಿಗಿದದ್ದು. ಅದೇ ಸಬ್‌ಫ್ರೇಮ್. ಹಿಂದೆ ಬಾಡಿಯ ತಳಕ್ಕೇ ಬೆಸೆದ ಎರಡು ಉದ್ದಪಟ್ಟಿ. ನಡುವೆ, ನಾವು ಕೂರುವ ಜಾಗದಡಿ, ನೆಲದ ತಗಡು ಮತ್ತು ಬಾಗಿಲುಗಳ ಕೆಳಗಿನ ಟೊಳ್ಳು ಹೊಸ್ತಿಲು, ಅಷ್ಟೆ. ವಿ8 ಎಂಜಿನ್ನು ಒಮ್ಮೆಲೇ ಎಳೆದಾಗ ಬಾಡಿ ತಿರುಚಿಕೊಳ್ಳುತ್ತದೆ. ನನ್ನ ಕಾರಿನ ಮುಂದಿನ ಒಂದು ಮೂಲೆಗೆ ಜ್ಯಾಕ್ ಕೊಟ್ಟು ಎತ್ತಿದರೆ ಆ ಬದಿಯ ಬಾಗಿಲು ಹಾಕಲು ಬರುತ್ತಿರಲಿಲ್ಲ, ಅಂಚು ತಾಕುತ್ತಿತ್ತು. ಮುಂದಿನ ಚೌಕಟ್ಟಿನಿಂದ ಹಿಂದಿನ ಪಟ್ಟಿಗೆ ಎಡಕ್ಕೊಂದು ಬಲಕ್ಕೊಂದು ಆಯತಾಕಾರದ ಉಕ್ಕಿನ ಕೊಳವೆ ಹಾಕಿ ಸೇರಿಸಿದರೆ ಆ ತಿರುಚುವಿಕೆ ಕಡಿಮೆಯಾಗುತ್ತದೆ. ಆ ಕೊಳವೆಗೆ ಹೆಸರು ಬೇಕು.

ನನಗೆ ಹೊಳೆದದ್ದು 'ಉಪಚೌಕಟ್ಟು ಕೊಂಡಿ'. ಜೊತೆಗೆ 'ಬಾಡಿಯ ಗಡಸುತನ ಹೆಚ್ಚಿಸಲು' ಎಂದು ಬರೆದಿದ್ದೇನೆ. ಸರಿಯೇ?

ಸೋಮವಾರ ರಾತ್ರಿ, ಧಾರವಾಡದಿಂದ

'ಉಪಚೌಕಟ್ಟು' ಬೇಡ. ಚೌಕಟ್ಟು ಕನ್ನಡ ಎಂದು ನೀವು ನಂಬಿದ್ದರೆ ಅದು ಅರಿಸಮಾಸ, ಸಂಸ್ಕೃತದ 'ಉಪ'ವನ್ನು ಕನ್ನಡಕ್ಕೆ ಅಂಟಿಸಿದ್ದು. ಕನ್ನಡ ಅಲ್ಲ ಎಂದರೆ ಆ ಪದವೇ ಏಕೆ?

ಚೌಕಟ್ಟಿನಲ್ಲಿರುವ 'ಕಟ್ಟು' ನಮ್ಮ ಕಟ್ಟು ಅಲ್ಲ. ಹಿಂದಿಯ ಚೌಖಟ್, ಮರಾಠಿಯ ಚೌಕಟ್ ನೋಡಿ. ಚತುಷ್‌ ಕಾಷ್ಠ, ನಾಲ್ಕು ಮರ, ಬಾಗಿಲಿಗೆ ಹಾಕುವ ನಾಲ್ಕು ಮರ. ನಾವು ಅದನ್ನು ಕೇಳಿ 'ಕಟ್ಟು' ಎಂದುಕೊಂಡು ದ್ವಿತ್ವ ಕೊಟ್ಟೆವು. ಇದನ್ನು ಈ ಬಳಗದಲ್ಲಿ ಹಿಂದೆಯೂ ಬರೆದಿದ್ದೇನೆ, ಯಾರೂ ಕಿವಿಗೊಟ್ಟಿಲ್ಲ.

ಅಚ್ಚಗನ್ನಡದಲ್ಲಿ: ಫ್ರೇಮಿಗೆ 'ಅಡಿಗಟ್ಟು', ನೀವು ಕೇಳಿದ್ದಕ್ಕೆ 'ಬೆಸೆತೊಲೆ'.

ಮಂಗಳವಾರ, ಬೆಂಗಳೂರಿನಿಂದ

ಅಡಿಗಟ್ಟು ಎಂದರೆ ಮಕ್ಕಳು ಮನೆಯ ಪಾಯ ಎಂದುಕೊಳ್ಳುತ್ತಾರೆ. 'ಸಬ್‌ಫ್ರೇಮ್ ಕನೆಕ್ಟರ್' ಎಂದು ಕನ್ನಡ ಲಿಪಿಯಲ್ಲಿ ಬರೆಯಿರಿ, ಮುಗಿಯಿತು. ಕಾರು ಅಮೆರಿಕದ್ದು, ಸಾಮಾನು ಅಮೆರಿಕದ್ದು, ಹೆಸರೂ ಅಲ್ಲಿಯದೇ ಇರಲಿ. ಚಾವಿ ಪೋರ್ಚುಗೀಸರದು, ಕುರ್ಚಿ ಅರಬ್ಬಿಯದು. ಅವು ಬಂದು ಕನ್ನಡ ಬಡವಾಗಿಲ್ಲ. ಬಳಸುವವರಿಲ್ಲದ ಪದ ಹುಟ್ಟಿಸುವುದು ಪದಕ್ಕೂ ಅನ್ಯಾಯ.

ಮಂಗಳವಾರ ಮಧ್ಯಾಹ್ನ, ಧಾರವಾಡದಿಂದ

ಚಾವಿ ಬಂದ ಮೇಲೆ ಬೀಗದ ಕೈ ಎಲ್ಲಿ ಹೋಯಿತು? ನನ್ನ ಮೊಮ್ಮಗನಿಗೆ ಆ ಮಾತೇ ಗೊತ್ತಿಲ್ಲ. ಬಡವಾಗುವುದು ಅಂದರೆ ಇದೇ.

ಮಂಗಳವಾರ ರಾತ್ರಿ, ಹುಬ್ಬಳ್ಳಿಯಿಂದ

ಸರ, ನಾ ಮೂವತ್ತು ವರ್ಷ ಬಸ್ ಬಾಡಿ ಕಟ್ಟೀನ್ರಿ. ದೊಡ್ಡ ವ್ಯಾಕರಣ ನನಗ ಗೊತ್ತಿಲ್ಲ. ಆದ್ರ ಕೊಂಡಿ ಅನಬ್ಯಾಡ್ರಿ. ಟ್ರ್ಯಾಕ್ಟರಿಗೆ ಟ್ರೇಲರ್ ಸಿಗಿಸೋದು ಕೊಂಡಿ. ಅದು ಆಡಬೇಕು, ಆಡಲಿಲ್ಲ ಅಂದ್ರ ತಿರುವಿನ್ಯಾಗ ಮುರೀತದ. ಸರಪಳಿ ಕೊಂಡಿನೂ ಅಷ್ಟ, ಬಾಗಿಲ ಕೊಂಡಿನೂ ಅಷ್ಟ. ನೀವು ಹೇಳೋ ಸಾಮಾನು ಒಂದು ಕೂದಲೆಳೆನೂ ಆಡಬಾರದು. ಕೆಲಸಕ್ಕ ಉಲ್ಟಾ ಹೆಸರು ಇಟ್ಟಂಗ ಆಗ್ತದ.

ತೊಲೆ ಅಂದ್ರ ಛಲೋ. ಮನಿ ಭಾರ ಹೊರೋದು ತೊಲೆ, ಅದು ಆಡೂದಿಲ್ಲ.

ಒಂದು ಕೇಳ್ತೀನಿ. ವೆಲ್ಡಿಂಗ್ ಮಾಡುವಾಗ ಗಾಡಿ ತನ್ನ ಗಾಲಿ ಮ್ಯಾಲೆ ನಿಂತಿತ್ತೋ, ನಡಕ್ಕ ಸ್ಟ್ಯಾಂಡ್ ಕೊಟ್ಟಿದ್ರೋ? ನಡಕ್ಕ ಕೊಟ್ಟಿದ್ರ ಮೂತಿ ಬಾಲ ಜೋತು ಬಿದ್ದಿರ್ತಾವ, ಹಂಗ ಬೆಸದ್ರ ಆ ಸೊಟ್ಟ ಕಾಯಂ ಆಗ್ತದ.

ಬುಧವಾರ, ಮಿಶಿಗನ್‌ನಿಂದ

ಹುಬ್ಬಳ್ಳಿಯ ಅಣ್ಣನವರ ಮಾತು ನೂರಕ್ಕೆ ನೂರು ನಿಜ. ಕೊಂಡಿಯನ್ನು ಕೈಬಿಟ್ಟೆ. ನಾಲ್ಕೂ ಗಾಲಿಯ ಕೆಳಗೆ ರ‍್ಯಾಂಪ್ ಇಟ್ಟು, ಕಾರಿನ ಭಾರ ಸ್ಪ್ರಿಂಗುಗಳ ಮೇಲೇ ಇರುವಂತೆ ನಿಲ್ಲಿಸಿ, ಬಾಗಿಲ ಸಂದಿಗಳನ್ನು ಮೇಲೆ ಕೆಳಗೆ ಅಳೆದು ನೋಡಿದ ಮೇಲೆಯೇ ಬೆಸೆದೆ. ಬ್ಯಾಟರಿ ಬಿಚ್ಚಿ, ಒಳಗಿನ ಕಾರ್ಪೆಟ್ ಕಿತ್ತು, ಪೆಟ್ರೋಲ್ ಕೊಳವೆ ಸರಿಸಿ.

ಧಾರವಾಡದ ಸರ್, 'ಬೆಸೆತೊಲೆ' ಕಿವಿಗೆ ಹಿತವಾಗಿದೆ, ಆದರೆ ಒಪ್ಪಲಾರೆ. ಇದರಲ್ಲಿ ಬೆಸೆಯುವ ಬಗೆ ಒಂದು, ಬೋಲ್ಟು ಹಾಕುವ ಬಗೆ ಇನ್ನೊಂದು. ಪದ ಎರಡಕ್ಕೂ ಒಪ್ಪಬೇಕು. ನಾನು ಮೊದಲು ಹಾಕಿದ್ದು ಬೋಲ್ಟಿನದು: ಮುಂದಿನ ತುದಿ ಚೌಕಟ್ಟಿನ ಹಿಂಬದಿಯ ಬೋಲ್ಟಿಗೆ, ಹಿಂದಿನ ತುದಿ ಪಾಟಾ ಸ್ಪ್ರಿಂಗಿನ ಮುಂಗಣ್ಣು, ಅಂದರೆ ಮುಂತುದಿಯ ಬಳೆ, ಕೂರುವ ಜಾಗಕ್ಕೆ. ಬಿಚ್ಚಿ ತೆಗೆದರೆ ಕಾರು ಮೊದಲಿನಂತೇ ಆಗುತ್ತದೆ. ಹಾಗಾಗಿ ಮೂಲರೂಪ ಕಾಪಾಡಬೇಕೆನ್ನುವವರಿಗೆ ಅದೇ ಸರಿ. ನನ್ನದರಲ್ಲಿ ಒಂದೇ ಬೇಸಿಗೆಗೆ ತೂತುಗಳು ಮೊಟ್ಟೆಯಾಕಾರಕ್ಕೆ ಬಂದವು, ಕ್ಲಚ್ ಬಿಟ್ಟಾಗಲೆಲ್ಲ ಅಡಿಯಿಂದ ಟಕ್ ಎನ್ನುವ ಸದ್ದು. ಎರಡಂಗುಲಕ್ಕೆ ಮೂರಂಗುಲದ ಕೊಳವೆ ತಂದು ಬೆಸೆಯಲು ಹೊರಟದ್ದು ಆಮೇಲೆ. ಅದಕ್ಕೂ ಮೊದಲು ಹಿಂದಿನ ಪಟ್ಟಿಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಿದೆ. ತುಕ್ಕು ತಿಂದ ತಗಡಿಗೆ ಎಷ್ಟು ಒಳ್ಳೆಯ ಉಕ್ಕು ಬೆಸೆದರೂ ತಗಡೇ ಹರಿಯುತ್ತದೆ. ಮುಂದಿನ ರಬ್ಬರ್ ಬುಷ್ ತೆಗೆದು ಅಲ್ಯೂಮಿನಿಯಂನದು ಹಾಕಿದೆ. ರಬ್ಬರು ಆಡುತ್ತಿದ್ದು ತೊಲೆ ಆಡದೆ ನಿಂತರೆ ಎಳೆದಾಟವೆಲ್ಲ ಬೆಸುಗೆಯ ಮೇಲೆ ಬೀಳುತ್ತದೆ.

ಎಲ್ಲ ಹಳೆಯ ಅಮೆರಿಕನ್ ಕಾರಿಗೂ ಇದು ಬೇಕೇ ಎಂದು ಒಬ್ಬರು ಬೇರೆಯಾಗಿ ಕೇಳಿದ್ದಾರೆ. ಇಲ್ಲ. ಅದೇ ಕಾಲದ ಶೆವೆಲ್, ಪಾಂಟಿಯಾಕ್ ಜಿಟಿಒ ಕಾರುಗಳಿಗೆ ಉದ್ದಕ್ಕೂ ಪ್ರತ್ಯೇಕ ಚೌಕಟ್ಟಿದೆ. ಇನ್ನು 1964ರಲ್ಲಿ ಬಂದ ಫೋರ್ಡ್ ಮಸ್ಟಾಂಗ್‌ನಲ್ಲಿ ಬಿಚ್ಚಿ ತೆಗೆಯುವಂಥ ಮುಂಚೌಕಟ್ಟೇ ಇಲ್ಲ. ಮುಂದಿನ ಪಟ್ಟಿಗಳೂ ಬಾಡಿಗೇ ಬೆಸೆದಿವೆ, ಹಿಂದಿನವೂ ಹಾಗೆಯೇ, ನಡುವೆ ಖಾಲಿ. ಅಲ್ಲಿಯೂ ಈ ತುಂಡಿನ ಹೆಸರು ಮಾತ್ರ ಅದೇ. ಆದ್ದರಿಂದ ಸಬ್ ಎನ್ನುವುದನ್ನು 'ಉಪ' ಎನ್ನಲೋ 'ಅಡಿ' ಎನ್ನಲೋ ನನಗೆ ಇನ್ನೂ ಬಗೆಹರಿದಿಲ್ಲ. ಮೇಲೊಂದು ಮುಖ್ಯ ಚೌಕಟ್ಟು ಇದ್ದಿದ್ದರೆ ಇದನ್ನು ಉಪ ಎನ್ನಬಹುದಿತ್ತು, ಅಂಥದು ಇಲ್ಲವೇ ಇಲ್ಲವಲ್ಲ.

ಬುಧವಾರ ಸಂಜೆ, ಮೈಸೂರಿನಿಂದ

ನಿಮ್ಮ ಕೊನೆಯ ವಾಕ್ಯದಲ್ಲೇ ಪದ ಇದೆ. ಪೂರ್ತಿ ಇರಬೇಕಾದದ್ದು ಅರ್ಧಕ್ಕೆ ನಿಂತಿದೆ. ಅದು 'ಅರೆಚೌಕಟ್ಟು'. ಅರೆಗೋಡೆ, ಅರೆಬಾಗಿಲು ಎನ್ನುವುದಿಲ್ಲವೇ, ಹಾಗೆ. ಕಮಾರೊಗೆ ಮುಂದೊಂದು ಅರೆ, ಮಸ್ಟಾಂಗ್‌ಗೆ ಎರಡು ಅರೆ. ಎರಡಕ್ಕೂ ಕೂರುತ್ತದೆ.

ಕನೆಕ್ಟರಿಗೆ 'ಕೂಡುತೊಲೆ'. ಕೂಡುರಸ್ತೆ ಇದೆ, ಕೂಡುಕುಟುಂಬ ಇದೆ, ಹೊಸದಾಗಿ ಏನೂ ಕಲಿಸಬೇಕಿಲ್ಲ. 'ಜೋಡುತೊಲೆ' ಎಂದು ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ, ಅದು ಬೇಡ. ಜೋಡೆತ್ತು ಎಂದರೆ ಎರಡು ಎತ್ತು, ಒಂದಕ್ಕೊಂದು ಅಂಟಿಸಿದ ಎತ್ತಲ್ಲ.

'ಗಡಸುತನ' ತಪ್ಪು. ಕುಡುಗೋಲಿನ ಬಾಯಿಗೆ, ಉಳಿಯ ಮೊನೆಗೆ ಬೇಕಾದದ್ದು ಗಡಸು, ಅಂದರೆ ಗೀರಿದರೂ ಗೀರು ಬೀಳದ ಗುಣ. ನಿಮ್ಮ ಕಾರಿಗೆ ಬೇಕಾದದ್ದು ಬಾಗದೆ ತಿರುಚದೆ ನಿಲ್ಲುವುದು. 'ಪೆಡಸು' ಎಂಬ ಒಳ್ಳೆಯ ಪದವಿದೆ. ಮಕ್ಕಳಿಗೆ ಅದು ತಿಳಿಯದು ಎಂದಾದರೆ ನಾಮಪದ ಬಿಡಿ, 'ತಿರುಚದಂತೆ' ಎಂದು ಕ್ರಿಯಾಪದದಲ್ಲೇ ಹೇಳಿ. ಕನ್ನಡ ಅದನ್ನು ಸಲೀಸಾಗಿ ಮಾಡುತ್ತದೆ. ಇಂಗ್ಲಿಷಿನ ಪ್ರತಿ ನಾಮಪದಕ್ಕೂ ನಾಮಪದ ಹುಡುಕುತ್ತ ಕೂತದ್ದರಿಂದಲೇ ನಮ್ಮ ತಾಂತ್ರಿಕ ಬರಹ ಓದಲಾಗದಂತಾಗಿದೆ.

ಧಾರವಾಡದವರಿಗೆ ಒಂದು ಮಾತು. ಚೌಕಟ್ಟನ್ನು ಓಡಿಸಿ ತೊಲೆಯನ್ನು ಒಳಗೆ ಕರೆಯುತ್ತಿದ್ದೀರಿ. ತೊಲೆಯೂ ಸಂಸ್ಕೃತದ ತುಲಾ ಶಬ್ದದ ತದ್ಭವ ಎನ್ನುವವರಿದ್ದಾರೆ. ಅದನ್ನೂ ಓಡಿಸೋಣವೇ? ಫ್ರೆಂಚರ 'ಶಾಸಿ' ಕಿಟಕಿಯ ಚೌಕಟ್ಟಿಗೂ ಹೆಸರು, ಅದೇ ನಮ್ಮ ಲಾರಿಯ ಚಾಸಿ. ಬಾಗಿಲಿನ ಚೌಕಟ್ಟು ಕಾರಿನಡಿಗೆ ಬಂದರೆ ತಪ್ಪೇನು?

ಗುರುವಾರ, ಧಾರವಾಡದಿಂದ

ತದ್ಭವ ಬೇರೆ, ಎರವಲು ಬೇರೆ. ನಾಲಗೆಯಲ್ಲಿ ನೂರಾರು ವರ್ಷ ಹೊರಳಿ ಸವೆದು ಬಂದದ್ದನ್ನು ನಾನು ಬೇಡ ಎಂದಿಲ್ಲ. ನೆರೆಮನೆಯಿಂದ ನೇರ ಎತ್ತಿ ತಂದದ್ದನ್ನು ಬೇಡ ಎಂದೆ. ಈ ಗೆರೆಯನ್ನು ಅಳಿಸಿದರೆ ನಾಳೆ ಸಬ್‌ಫ್ರೇಮೂ ತದ್ಭವ ಎನ್ನುತ್ತೀರಿ.

'ಕೂಡುತೊಲೆ' ಸರಿ. 'ಅರೆ'ಯೂ ಸರಿ. ಚೌಕಟ್ಟಿನ ಬಗ್ಗೆ ನನ್ನ ಮಾತು ಬದಲಿಲ್ಲ.

ಗುರುವಾರ, ಬೆಂಗಳೂರಿನಿಂದ

ನಾಲಗೆಯಲ್ಲಿ ಹೊರಳಲು ಮೊದಲು ಒಳಗೆ ಬಿಡಬೇಕಲ್ಲ ಸರ್. ನನ್ನ ಕಡೆಯಿಂದ ಇಷ್ಟೇ.

ಗುರುವಾರ ರಾತ್ರಿ, ಮಿಶಿಗನ್‌ನಿಂದ

ಎಲ್ಲರಿಗೂ ಶರಣು. ಮುದ್ರಣದವರು ನಾಳೆ ಬೆಳಗ್ಗೆ ಒಂಬತ್ತಕ್ಕೆ ಕಡತ ಕೇಳಿದ್ದಾರೆ. ಧಾರವಾಡದ ಸರ್, ಚೌಕಟ್ಟನ್ನು ಉಳಿಸಿಕೊಂಡಿದ್ದೇನೆ, ಕ್ಷಮೆ ಇರಲಿ. ಇಲ್ಲಿನ ಮಕ್ಕಳಿಗೆ ಗೋಡೆಯ ಮೇಲಿನ ಅಜ್ಜ ಅಜ್ಜಿಯ ಫೋಟೋದಿಂದ ಆ ಒಂದು ಪದವಾದರೂ ಗೊತ್ತಿದೆ, ಅದನ್ನು ಹಿಡಿದೇ ಉಳಿದದ್ದನ್ನು ಅರ್ಥ ಮಾಡಿಕೊಳ್ಳುತ್ತಾರೆ. ಬೆಂಗಳೂರಿನವರ ಮಾತಿನಂತೆ ಸಬ್‌ಫ್ರೇಮ್ ಕನೆಕ್ಟರ್ ಎನ್ನುವುದನ್ನೂ ಕೆಳಗೆ ಸಣ್ಣಕ್ಷರದಲ್ಲಿ ಹಾಕಿಸುತ್ತಿದ್ದೇನೆ, ನಾಳೆ ಮಕ್ಕಳು ಅಂಗಡಿಯಲ್ಲಿ ಕೇಳಬೇಕಾದದ್ದು ಅದೇ ಹೆಸರಿನಲ್ಲಿ. ಮೈಸೂರಿನ ಮೇಡಂ, ಗಡಸುತನ ಹೋಯಿತು. ಫಲಕದ ಆ ಭಾಗ ಹೀಗಿದೆ:

ಅರೆಚೌಕಟ್ಟಿನ ಕೂಡುತೊಲೆ. ಮುಂದಿನ ಅರೆಚೌಕಟ್ಟನ್ನೂ ಹಿಂದಿನ ಪಟ್ಟಿಗಳನ್ನೂ ಒಂದು ಮಾಡುವ ಉಕ್ಕಿನ ಕೊಳವೆ, ಬದಿಗೊಂದರಂತೆ ಎರಡು. ಎಂಜಿನ್ನು ಜೋರಾಗಿ ಎಳೆದಾಗ ಕಾರು ತಿರುಚದಂತೆ ಹಿಡಿದುಕೊಳ್ಳುತ್ತವೆ. ಬಗ್ಗಿ ನೋಡಿ.