ಪದಚರ್ಚೆ: ಸಂರಕ್ಷಿತ ಪ್ರದೇಶದೊಳಗಿನ ಹೊಸ ‘ಟ್ರೇಲ್’ಗೆ ಬೋರ್ಡಿನ ಮೇಲೆ ಏನಂತ ಬರೆಯೋಣ?

ಎಲ್ಲರಿಗೂ ನಮಸ್ಕಾರ,

ಸ್ವಲ್ಪ ಅವಸರದ ಪ್ರಶ್ನೆ. ಸಂರಕ್ಷಿತ ಪ್ರದೇಶವೊಂದರ ಒಳಗೆ ನಡೆದುಹೋಗುವವರಿಗಾಗಿ ಹೊಸದಾಗಿ ಟ್ರೇಲ್ ಮಾಡುತ್ತಿದ್ದಾರೆ. ಅದರ ಬೋರ್ಡುಗಳನ್ನೂ ಕೆಲಸಕ್ಕೆ ಬರುವ ಸ್ವಯಂಸೇವಕರ ಕೈಪಿಡಿಯನ್ನೂ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೋರ್ಡು ಶುಕ್ರವಾರ ಪೇಂಟಿಗೆ ಹೋಗುತ್ತದೆ. ಮೊದಲ ಪದದಲ್ಲೇ ನಿಂತಿದ್ದೇನೆ. ಟ್ರೇಲ್‌ಗೆ ಏನನ್ನೋಣ?

‘ಪಾದಚಾರಿ ಮಾರ್ಗ’ ಅಂದರೆ ರಸ್ತೆ ಪಕ್ಕದ ಕಲ್ಲುಚಪ್ಪಡಿ ಕಣ್ಣಿಗೆ ಬರುತ್ತದೆ. ‘ಕಾಡುದಾರಿ’ ಚೆನ್ನಾಗಿದೆ, ಆದರೆ ಈ ದಾರಿ ಕಾಡಿನಲ್ಲಿರುವುದು ಅರ್ಧ ಮಾತ್ರ. ಆಮೇಲೆ ಹುಲ್ಲುಗಾವಲು, ಕೊನೆಗೆ ಜೌಗು. ‘ಚಾರಣ ಪಥ’ ಪತ್ರಿಕೆಗಳಲ್ಲಿ ಓಡಾಡುತ್ತಿದೆ. ಅದನ್ನು ಓದಿದರೆ ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತುವವರಿಗೆ ಮಾತ್ರ ಅಂತ ಅನ್ನಿಸುತ್ತದೆ. ಇಲ್ಲಿಗೆ ಮಕ್ಕಳು, ವಯಸ್ಸಾದವರು ಎಲ್ಲಾ ಬರುತ್ತಾರೆ.

ಮುಖ್ಯ ಬೋರ್ಡಿನಲ್ಲಿ ಇರಬೇಕಾದ್ದು ಇಷ್ಟೇ: ಟ್ರೇಲ್ ಬಿಟ್ಟು ಆಚೆ ಹೋಗಬೇಡಿ, ಇದು ಕಾಡುಪ್ರಾಣಿಗಳ ಹ್ಯಾಬಿಟಾಟ್. ಓದಿದ ಕೂಡಲೇ ತಿಳಿಯಬೇಕು. ಕೈಪಿಡಿಗೆ ಬೇಕಾದ್ದು: ಟ್ರೇಲ್ ‘ಬಿಲ್ಡ್’ ಮಾಡುವುದಕ್ಕೆ ಒಳ್ಳೆಯ ಕ್ರಿಯಾಪದ, ಔಟ್‌ಸ್ಲೋಪ್ (ನೀರು ಹೋಗಲಿ ಅಂತ ದಾರಿಯ ಹೊರಬದಿಗೆ ಕೊಡುವ ಇಳಿಜಾರು), ಸ್ವಿಚ್‌ಬ್ಯಾಕ್ (ಗುಡ್ಡದ ಮೇಲೆ ದಾರಿ ಬಂದ ದಿಕ್ಕಿಗೇ ಮರಳುವ ತಿರುವು). ದಯವಿಟ್ಟು ಸಹಾಯ ಮಾಡಿ.

* * *

> ‘ಚಾರಣ ಪಥ’ ಪತ್ರಿಕೆಗಳಲ್ಲಿ ಓಡಾಡುತ್ತಿದೆ

ಓಡಾಡಲಿ. ನಮಗೆ ಬೇಡ. ಸಂಸ್ಕೃತದಲ್ಲಿ ಚಾರಣ ಅಂದರೆ ಊರೂರು ಅಲೆಯುತ್ತಾ ಹೊಗಳಿ ಹಾಡುವವನು. ಸಿದ್ಧರು, ಚಾರಣರು ಅಂತ ಜೋಡಿಯಾಗಿ ಬರುತ್ತಾರಲ್ಲ, ಅವರೇ. ಅದನ್ನು ತಂದು ಟ್ರೆಕ್ಕಿಂಗಿಗೆ ಅಂಟಿಸಿದ್ದೇವೆ.

ಕನ್ನಡದಲ್ಲಿ ‘ಬಟ್ಟೆ’ ಇದೆ. ಹಳಗನ್ನಡ ಕಾವ್ಯಗಳಲ್ಲಿ ದಾರಿಗೆ ಅದೇ ಪದ. 1894ರ ಕಿಟ್ಟೆಲ್ ನಿಘಂಟು ತೆರೆದು ನೋಡಿ, ಸಿಗುತ್ತದೆ. ಹೆದ್ದಾರಿಗೆ ‘ಹೆಬ್ಬಟ್ಟೆ’ ಅನ್ನುತ್ತಿದ್ದರು. ಹಾಗಾದರೆ ಇದು ‘ಕಿರುಬಟ್ಟೆ’. ಚರ್ಚೆಗೆ ಏನೂ ಉಳಿದಿಲ್ಲ.

* * *

ಚರ್ಚೆಗೆ ತುಂಬಾ ಉಳಿದಿದೆ, ಸರ್.

ಇವತ್ತು ಬಟ್ಟೆ ಅಂದರೆ ಉಡುವುದು. ‘ಬಾಳಬಟ್ಟೆ’ ಅನ್ನುವಲ್ಲಿ ಮಾತ್ರ ಹಳೆಯ ಅರ್ಥ ಉಸಿರಾಡುತ್ತಿದೆ. ಬೋರ್ಡಿನ ಮುಂದೆ ಯಾರೂ ನಿಘಂಟು ಹಿಡಿದು ನಿಲ್ಲುವುದಿಲ್ಲ. ಇನ್ನು ಬಟ್ಟೆಯೇನೂ ಅಚ್ಚಗನ್ನಡ ಅಂತ ಎಲ್ಲರೂ ಒಪ್ಪಿದ ಪದವಲ್ಲ. ವರ್ತ್ಮ, ವಟ್ಟ, ಬಟ್ಟೆ ಅಂತ ಪ್ರಾಕೃತದ ಮೂಲಕ ಬಂದ ತದ್ಭವ ಅನ್ನುವವರಿದ್ದಾರೆ. ಹಿಂದಿಯ ‘ಬಾಟ್’ ಕೂಡ ಅದೇ ಮನೆತನದ್ದು.

ನನ್ನ ಸೂಚನೆ ‘ಮಾರ್ಗ’. ಇದು ‘ಮೃಗ’ದಿಂದ ಬಂದದ್ದು. ಮೃಗ ನಡೆದುಹೋದ ಜಾಡು ಅನ್ನುವುದೇ ಅದರ ಹಳೆಯ ಅರ್ಥ. ಮೃಗಗಳ ನೆಲೆಯಲ್ಲಿ ಹಾಯುವ ದಾರಿಗೆ ಇದಕ್ಕಿಂತ ಒಪ್ಪುವ ಪದ ಇನ್ನೊಂದು ಬೇಕೇ? ‘ನಿಸರ್ಗ ಮಾರ್ಗ’ ಅನ್ನಿ. ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆಯುವ ಅರಿಸಮಾಸದ ತಂಟೆಯೂ ಇಲ್ಲ.

* * *

‘ಟ್ರೇಲ್’ ಅಂತಲೇ ಬರೆಯಿರಿ. ನಡೆಯಲು ಹೋಗುವವರೆಲ್ಲ ಅದನ್ನೇ ಅನ್ನುವುದು. ಬೋರ್ಡು, ಪೇಂಟು ಎಲ್ಲಾ ಇಂಗ್ಲಿಷು. ರಸ್ತೆ ಪಾರಸಿ. ಅವು ಕನ್ನಡ ಆಗಲಿಲ್ಲವೇ? ಸುಮ್ನೆ ಹೊಸ ಪದ ಕಟ್ಟಿ ಜನರ ತಲೆ ಕೆಡಿಸಬೇಡಿ.

* * *

ಮೂರೂ ಬೇಡ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕಾಡಿನಲ್ಲಿ ದಾರಿ ಕಡಿಯುವವರ ಜೊತೆ ನಾನು ಕೆಲಸ ಮಾಡಿದ್ದೇನೆ. ಈ ವಿಷಯ ನನಗೆ ಬರೀ ನಿಘಂಟಿನದ್ದಲ್ಲ.

ಮಾರ್ಗದ ಮೂಲ ಮೃಗ ಅನ್ನುವುದು ಸರಿ. ಆ ಕಾರಣಕ್ಕೇ ಅದು ಇಲ್ಲಿ ಕೂಡದು. ನಕ್ಷೆಯ ಮೇಲೆ ಗೆರೆ ಎಳೆಯುವ ಮೊದಲು ನಾವು ನೋಡುವುದೇ ಪ್ರಾಣಿಗಳು ಎಲ್ಲಿ ನೀರಿಗೆ ಇಳಿಯುತ್ತವೆ, ಯಾವ ಹಕ್ಕಿ ಎಲ್ಲಿ ನೆಲದ ಮೇಲೆ ಮೊಟ್ಟೆ ಇಡುತ್ತದೆ ಅಂತ. ನಮ್ಮ ದಾರಿ ಅಲ್ಲಿಂದ ದೂರ ಸರಿಯಬೇಕು. ಹಾಗಾಗಿ ಕೈಪಿಡಿಯಲ್ಲಿ ಎರಡು ಬೇರೆ ಬೇರೆ ಪದ ಬೇಕೇ ಬೇಕು. ಪ್ರಾಣಿಯದ್ದು ‘ಜಾಡು’. ಮನುಷ್ಯರದ್ದು ‘ಕಾಲುದಾರಿ’. ಎರಡನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿದರೆ ‘ಮಾರ್ಗದಿಂದ ದೂರ ಇರಿ’ ಅಂತ ಬರೆದಾಗ ಯಾವುದರಿಂದ ದೂರ ಇರಬೇಕು?

‘ಕಾಲುದಾರಿ ಅಂದರೆ ಜನ ಓಡಾಡಿ ಓಡಾಡಿ ತಾನಾಗಿ ಆದದ್ದು, ಇದು ಯೋಜನೆ ಮಾಡಿ ಮಾಡಿದ್ದು’ ಅಂತ ಯಾರಾದರೂ ಹೇಳುತ್ತೀರಿ. ಆ ವ್ಯತ್ಯಾಸವನ್ನು ಕನ್ನಡ ಕ್ರಿಯಾಪದದಲ್ಲಿ ಹೇಳುತ್ತದೆ, ನಾಮಪದದಲ್ಲಿ ಅಲ್ಲ. ಜನ ನಡೆದೂ ನಡೆದೂ ದಾರಿ ‘ಬೀಳುತ್ತದೆ’. ಬೇಕು ಅಂತ ಮಾಡುವಾಗ ದಾರಿ ‘ಕಡಿಯುತ್ತೇವೆ’. ಪೊದೆ ‘ಸವರುತ್ತೇವೆ’. ಇಳಿಜಾರಿನ ಮಣ್ಣು ‘ಕೆತ್ತುತ್ತೇವೆ’. ಕೈಪಿಡಿಯಲ್ಲಿ ‘ನಿರ್ಮಾಣ’ ದಯವಿಟ್ಟು ಬೇಡ. ನಿರ್ಮಾಣ ಅಂದ ಕೂಡಲೇ ಜಲ್ಲಿ, ಸಿಮೆಂಟು, ಯಂತ್ರ ನೆನಪಾಗುತ್ತವೆ. ಈ ಕೆಲಸ ಆಗುವುದು ಗುದ್ದಲಿ, ಮಚ್ಚು, ಗರಗಸದಲ್ಲಿ.

ಈ ಬೀಳು, ಕಡಿ ಎಂಬ ವ್ಯತ್ಯಾಸ ಮುಖ್ಯ. ಯಾಕೆಂದರೆ ದಾರಿ ಬೀಳುವುದೇ ಇಂಥ ಜಾಗಕ್ಕೆ ದೊಡ್ಡ ಕಾಟ. ಒಂದು ಕಡೆ ಕೆಸರು ನಿಂತಿತು ಅಂತಿಟ್ಟುಕೊಳ್ಳಿ. ಮೊದಲು ಬಂದವರು ಪಕ್ಕದ ಹುಲ್ಲಿನ ಮೇಲೆ ಕಾಲಿಟ್ಟು ದಾಟುತ್ತಾರೆ. ಹಿಂದಿನವರು ಅವರ ಹೆಜ್ಜೆ ಹಿಡಿಯುತ್ತಾರೆ. ಅಲ್ಲೂ ಕೆಸರಾಗುತ್ತದೆ. ಮೂರನೆಯವರು ಇನ್ನೂ ಆಚೆ. ನೋಡನೋಡುತ್ತಾ ಒಂದು ದಾರಿ ನಾಲ್ಕು ಕವಲಾಗಿ ಹುಲ್ಲುಗಾವಲನ್ನು ಸೀಳುತ್ತದೆ. ತುಳಿತದ ಲೆಕ್ಕ ಇನ್ನೊಂದಿದೆ. ಗಿಡ ತುಂಬಿದ ನೆಲಕ್ಕೆ ಮೊದಮೊದಲು ಬೀಳುವ ಹೆಜ್ಜೆಗಳಿಂದಲೇ ಹಾನಿ ಜಾಸ್ತಿ. ಒಮ್ಮೆ ಸವೆದ ಮೇಲೆ ನಡೆಯುವವರು ಎರಡರಷ್ಟಾದರೂ ಹಾನಿ ಎರಡರಷ್ಟಾಗುವುದಿಲ್ಲ. ಅದಕ್ಕೇ ಎಲ್ಲರ ಕಾಲೂ ಒಂದೇ ಪಟ್ಟಿಯ ಮೇಲೆ ಬೀಳಲಿ ಅಂತ ಇಷ್ಟೆಲ್ಲ ಕಷ್ಟಪಡುವುದು. ಬೋರ್ಡಿನ ಪದ ಓದಿದವರಿಗೆ ಕಾಲಿನ ಕೆಳಗಿನ ಆ ಪಟ್ಟಿ ಕಾಣಬೇಕು. ‘ಪಥ’, ‘ಮಾರ್ಗ’ ಕೇಳಿದರೆ ಎಲ್ಲಿಂದ ಎಲ್ಲಿಗೆ ಅಂತ ನಕ್ಷೆ ಕಾಣುತ್ತದೆ. ‘ಕಾಲುದಾರಿ’ ಅಂದರೆ ನೆಲ ಕಾಣುತ್ತದೆ.

ಔಟ್‌ಸ್ಲೋಪಿಗೆ ಹೊಸ ಪದ ಕಟ್ಟಬೇಡಿ. ಗಾರೆ ಕೆಲಸದವರನ್ನು ಕೇಳಿ. ನೀರು ಹರಿದುಹೋಗಲಿ ಅಂತ ನೆಲಕ್ಕೆ ಕೊಡುವ ಸಣ್ಣ ಇಳಿಜಾರಿಗೆ ಅವರ ಬಾಯಲ್ಲಿ ‘ವಾಟ’ ಅನ್ನುವ ಪದವಿದೆ. ಕಾಲುದಾರಿಗೂ ಅದೇ. ಗುಡ್ಡದ ಪಕ್ಕದಲ್ಲಿ ದಾರಿ ಕಡಿದಾಗ ಕಣಿವೆಯ ಕಡೆಗೆ ಶೇ. 5ರಷ್ಟು ವಾಟ ಇಡುತ್ತಾರೆ. ಮೂರು ಅಡಿ ಅಗಲಕ್ಕೆ ಎರಡು ಇಂಚಿನ ಹತ್ತಿರ. ಮಳೆನೀರು ದಾರಿಯನ್ನು ಅಡ್ಡ ದಾಟಿ ಕೆಳಗೆ ಹೋಗುತ್ತದೆ, ದಾರಿಯುದ್ದಕ್ಕೂ ಓಡುವುದಿಲ್ಲ. ಬೇಕಿದ್ದರೆ ‘ಹೊರವಾಟ’ ಅನ್ನಿ.

ಏರಿನ ಲೆಕ್ಕವನ್ನೂ ಕೈಪಿಡಿಯಲ್ಲಿ ಸರಿಯಾಗಿ ಬರೆಯಿರಿ. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಜಾಸ್ತಿ ಇರಬಾರದು. ಗುಡ್ಡ ಶೇ. 30 ಇದ್ದರೆ ದಾರಿ ಶೇ. 15 ಮೀರಬಾರದು. ಒಟ್ಟಾರೆ ಸರಾಸರಿ ಶೇ. 10ರೊಳಗೆ ಇದ್ದರೆ ಒಳ್ಳೆಯದು, ಅಂದರೆ ನೂರು ಅಡಿಗೆ ಹತ್ತು ಅಡಿ ಏರು. ಇದನ್ನು ಮೀರಿ ನೇರ ಇಳಿಸಿದರೆ ನೀರು ಆ ದಾರಿಯನ್ನೇ ಹಿಡಿಯುತ್ತದೆ, ಮಣ್ಣು ಕೊಚ್ಚಿ ದಾರಿ ಕೊರಕಲಾಗುತ್ತದೆ. ‘ಕೊರಕಲು’ ಒಳ್ಳೆಯ ಪದ, ಬಳಸಿ.

ಸ್ವಿಚ್‌ಬ್ಯಾಕಿಗೆ ‘ಹಿಂತಿರುವು’ ಸಾಕು.

* * *

> ‘ಟ್ರೇಲ್’ ಅಂತಲೇ ಬರೆಯಿರಿ

ಈ ವಾದ ಪ್ರತಿ ಚರ್ಚೆಯಲ್ಲೂ ಬರುತ್ತದೆ. ‘ರಸ್ತೆ ಪಾರಸಿ, ಆದ್ದರಿಂದ ಎಲ್ಲವನ್ನೂ ಒಳಗೆ ಬಿಡಿ.’ ರಸ್ತೆ ಅನ್ನುವ ಪದ ಆ ಬಗೆಯ ದಾರಿಯ ಜೊತೆಗೇ ಬಂತು, ಬರಲಿ. ಕಾಲಿನಲ್ಲಿ ನಡೆಯುವ ದಾರಿ ಯಾರೂ ನಮಗೆ ತಂದುಕೊಟ್ಟದ್ದಲ್ಲ. ಇದ್ದ ಪದವನ್ನು ಹೊರಗಟ್ಟಿ ಹೊರಗಿನದನ್ನು ಕೂರಿಸುವುದು ಎರವಲು ಅಲ್ಲ.

ಇನ್ನು ಆ ಪದಗಳ ಒಳಗಾದರೂ ನೋಡಿದ್ದೀರಾ? ‘ಟ್ರೆಕ್’ ಡಚ್ಚರ ಮಾತು. ಎಳೆಯುವುದು ಅಂತ ಅರ್ಥ, ದಕ್ಷಿಣ ಆಫ್ರಿಕದ ಎತ್ತಿನ ಗಾಡಿಗಳ ಪಯಣದಿಂದ ಇಂಗ್ಲಿಷಿಗೆ ಹೋಯಿತು. ‘ಟ್ರೇಲ್’ ಕೂಡ ಹಳೆಯ ಫ್ರೆಂಚಿನಲ್ಲಿ ಎಳೆಯುವುದೇ. ಕಾಲಿನ ಸುದ್ದಿ ಎರಡರಲ್ಲೂ ಇಲ್ಲ.

‘ಕಾಲುದಾರಿ’ ಒಪ್ಪಿದೆ. ‘ಕಿರುಬಟ್ಟೆ’ ಇನ್ನೂ ಚೆಲುವು ಅನ್ನುವುದು ನನ್ನ ಮಾತು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಮೂಲ ಪ್ರಶ್ನೆಯಲ್ಲಿ ‘ಕಾಡುಪ್ರಾಣಿ’ ಅಂತ ಇದೆ. ಸ್ಪಷ್ಟ ಅರಿಸಮಾಸ. ‘ಕಾಡುಮಿಗ’ ಅನ್ನಿ.

* * *

ಅರಿಸಮಾಸ ಕೂಡದು ಅಂದ ವ್ಯಾಕರಣಕಾರ ಕೇಶಿರಾಜನನ್ನು ಅರ್ಧ ಓದಬೇಡಿ. 13ನೇ ಶತಮಾನದಲ್ಲಿ ಅವನೇ ಬಿರುದಾವಳಿಗೂ ಪೂರ್ವಕವಿಗಳ ಪ್ರಯೋಗಕ್ಕೂ ವಿನಾಯಿತಿ ಕೊಟ್ಟಿದ್ದಾನೆ. ಬಳಕೆಯಲ್ಲಿ ಊರಿದ್ದನ್ನು ಕೀಳಬೇಡಿ ಅನ್ನುವುದು ಅದರ ಹಿಂದಿನ ತತ್ವ ಅಂತ ನಾನು ತಿಳಿದಿದ್ದೇನೆ. ‘ಕಾಡುಪ್ರಾಣಿ’ ಎಲ್ಲರ ಬಾಯಲ್ಲೂ ಇದೆ. ‘ಮಿಗ’ ಯಾರ ಬಾಯಲ್ಲಿದೆ? ಅದು ಮೃಗದ ತದ್ಭವ ತಾನೇ, ಅಲ್ಲಿಗೂ ಸಂಸ್ಕೃತವೇ ಆಯಿತಲ್ಲ.

ಇನ್ನು ‘ಮಾರ್ಗ’ ಬೇಡ ಅಂದವರ ವಾದ ನನಗೆ ಒಪ್ಪಿಗೆಯಿಲ್ಲ. ಮೂಲ ಮರೆತು ಪದ ಬಳಸುವುದಾದರೆ ಪದ ಯಾಕೆ ಬೇಕು?

* * *

ತದ್ಭವ ಕನ್ನಡವೇ. ಇದು ಗೊತ್ತಿಲ್ಲದಿದ್ದರೆ ಮಾತು ಮುಂದುವರಿಸಿ ಪ್ರಯೋಜನವಿಲ್ಲ.

* * *

ಮೂಲ ನೆನಪಿಟ್ಟೇ ಬಳಸಿ, ಅಡ್ಡಿಯಿಲ್ಲ. ಆದರೆ ಬೋರ್ಡು ಓದುವವರಿಗೆ ಆ ಮೂಲ ಗೊತ್ತಿರುವುದಿಲ್ಲ. ಕರಾವಳಿ ಕಡೆಯವರಿಗೆ ಮಾರ್ಗ ಅಂದರೆ ಬಸ್ಸು ಓಡುವ ರಸ್ತೆ. ಗುಡ್ಡದ ನೆತ್ತಿಯ ಮೇಲೆ ಆ ಪದ ಓದಿ ಅವರು ಏನು ತಿಳಿಯಬೇಕು?

ಹ್ಯಾಬಿಟಾಟಿನ ಬಗ್ಗೆ ಯಾರೂ ಹೇಳಲಿಲ್ಲ. ‘ಆವಾಸಸ್ಥಾನ’ ಪಠ್ಯಪುಸ್ತಕದಲ್ಲಿದೆ, ಅಲ್ಲೇ ಇರಲಿ. ಬೋರ್ಡಿಗೆ ‘ನೆಲೆ’. ಎರಡೇ ಅಕ್ಷರ, ದೂರದಿಂದ ಓದಬಹುದು. ಇರುವ ಜಾಗ, ಆಸರೆ ಎರಡೂ ಅದರಲ್ಲಿದೆ. ನೆಲೆ ತಪ್ಪಿದವರು ಅಂದರೆ ಏನಾಯಿತು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ‘ಅಭಯಾರಣ್ಯ’ ಅಂತ ಬರೆಯಬೇಡಿ, ನಿಮ್ಮದರಲ್ಲಿ ಅರಣ್ಯವಲ್ಲದ ಹುಲ್ಲುಗಾವಲು, ಜೌಗೂ ಇವೆ. ಜನ ಅರಣ್ಯವನ್ನು ಕಾಪಾಡಬೇಕಾದ್ದು ಅಂತ ಒಪ್ಪುತ್ತಾರೆ. ಜೌಗನ್ನು ಹಾಳು ಬಿದ್ದ ನೆಲ ಅಂತ ತಿಳಿಯುತ್ತಾರೆ. ಆ ತಿಳಿವಳಿಕೆಗೆ ಬೋರ್ಡು ಇಂಬು ಕೊಡಬಾರದು.

* * *

ಎಲ್ಲರಿಗೂ ತುಂಬಾ ಧನ್ಯವಾದ. ಬೋರ್ಡಿಗೆ ಹೀಗೆ ಕೊಡುತ್ತಿದ್ದೇನೆ:

ಕಾಲುದಾರಿ ಬಿಟ್ಟು ಆಚೆ ಕಾಲಿಡಬೇಡಿ.
ಸುತ್ತಲೂ ಕಾಡುಪ್ರಾಣಿಗಳ ನೆಲೆ.

‘ಕಾಡುಮಿಗ’ ಹಾಕುತ್ತಿಲ್ಲ. ಕ್ಷಮಿಸಿ, ಓದುವ ಮಕ್ಕಳಿಗೆ ತಿಳಿಯುವುದಿಲ್ಲ.

ಹಿಂತಿರುವುಗಳ ಹತ್ತಿರ ಜನ ನಡಿಗೆ ಉಳಿಸಲು ನೇರ ಕೆಳಗೆ ಇಳಿದುಬಿಡುತ್ತಾರಂತೆ. ಅಲ್ಲಿಗೆ ಒಂದು ಸಣ್ಣ ಬೋರ್ಡು ಬೇಕು. ‘ಶಾರ್ಟ್‌ಕಟ್ ಬಳಸಬೇಡಿ’ ಅಂತ ಈಗ ಇದೆ. ಜೊತೆಗೆ ಜೌಗಿನ ಮೇಲೆ ಮರದ ಹಲಗೆ ಹಾಸಿ ಎತ್ತರದಲ್ಲಿ ಮಾಡುವ ಬೋರ್ಡ್‌ವಾಕ್‌ಗೆ ‘ಕಾಲುಸಂಕ’ ಅನ್ನಬಹುದೇ?

* * *

ಕಾಲುಸಂಕ ಬೇಡ. ಸಂಕ ಹಳ್ಳವನ್ನು ಅಡ್ಡ ದಾಟಲು ಇರುವುದು, ಈ ದಡದಿಂದ ಆ ದಡಕ್ಕೆ. ನಿಮ್ಮದು ಜೌಗಿನ ಮೇಲೆ ಉದ್ದಕ್ಕೆ ಹೋಗುತ್ತದೆ. ‘ಹಲಗೆದಾರಿ’ ಅನ್ನಿ. ಹಲಗೆಗಳ ನಡುವೆ ಸಂದು ಬಿಡಲು ಹೇಳಿ. ಕೆಳಗಿನ ಗಿಡಕ್ಕೆ ಬೆಳಕು, ಮಳೆ ಎರಡೂ ಇಳಿಯಬೇಕು.

* * *

ಸಣ್ಣ ಬೋರ್ಡಿಗೆ: ‘ಅಡ್ಡದಾರಿ ಹಿಡಿಯಬೇಡಿ’. ಅಚ್ಚಗನ್ನಡ.