10 ಮೀಟರ್ ಕ್ಯಾಟಮರಾನ್‌ನಲ್ಲಿ 3 ಟನ್ ಮೀನು ಹೊರಬಹುದಾ?

ಕೇಳಿದವರು: ಗಿಲ್‌ನೆಟ್ (ಮೀನಿನ ಕಿವಿರು ಸಿಕ್ಕಿಬೀಳುವ ಬಲೆ) ಕೆಲಸಕ್ಕೆ 10 ಮೀಟರಿನ ಫೈಬರ್ ಕ್ಯಾಟಮರಾನ್ (ಎರಡು ಹಲ್, ಅಂದ್ರೆ ತೇಲುವ ಎರಡು ಒಡಲು ಜೋಡಿಸಿದ ಬೋಟು) ಕಟ್ಟಿಸಬೇಕು ಅಂತಿದ್ದೇನೆ. ಡೆಕ್ ಅಗಲ ಇದೆಯಲ್ಲ, 3 ಟನ್ ಮೀನು ಆರಾಮಾಗಿ ತರಬಹುದು ಅಂತ ನನ್ನ ಲೆಕ್ಕ. ಇಂಥ ಬೋಟಿನಲ್ಲಿ ದುಡಿದವರು ಹೇಳಿ.

ಮೊದಲ ಉತ್ತರ: ಜಾಗ ಇದೆ ಅಂತ ತೂಕ ಹೇರುವ ಹಾಗಿಲ್ಲ. ಇದೇ ತಪ್ಪು ನಾನೂ ಮಾಡಿದ್ದೆ. ಲೆಕ್ಕ ಸುಲಭ. ನೀರಿನ ಮಟ್ಟದಲ್ಲಿ ಎರಡೂ ಹಲ್ ಸೇರಿ 15 ಚದರ ಮೀಟರ್ ಇದೆ ಅಂದುಕೊಳ್ಳಿ. ಬೋಟು 1 ಸೆಂ.ಮೀ. ಇಳಿಯಲು ಸುಮಾರು 150 ಕೆ.ಜಿ. ಸಾಕು. 3 ಟನ್ ಅಂದ್ರೆ 20 ಸೆಂ.ಮೀ. ಕರಗದೆ ಉಳಿದ ಐಸಿನ ತೂಕ ಬೇರೆ. ಬೋಟು ಇಳಿದಷ್ಟೂ ಡೆಕ್ಕಿನ ಅಡಿಗೂ ನೀರಿಗೂ ನಡುವಿನ ಅಂತರ ಕಡಿಮೆಯಾಗುತ್ತೆ, ಅಲ್ವಾ? ಹೋಗುವಾಗ ಅಲೆ ನಮ್ಮ ಡೆಕ್ಕಿನ ಕೆಳಗೆ ಸುಮ್ನೆ ನುಸುಳಿ ಹೋಗುತ್ತಿತ್ತು. ತುಂಬಿಕೊಂಡು ಬರುವಾಗ ಅದೇ ಅಲೆ ಕೆಳಗಿನಿಂದ ಧಡ್ ಅಂತ ಗುದ್ದುತ್ತಿತ್ತು. ಎಂಜಿನ್ ಮುಚ್ಚಳದ ಮೇಲಿಟ್ಟ ಸ್ಪ್ಯಾನರ್ ಕುಣಿಯುತ್ತಿತ್ತು. ಎರಡನೇ ವರ್ಷ ಹಲ್ ಮತ್ತು ಡೆಕ್ ಕೂಡುವ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಡೆಕ್ಕಿನ ಎತ್ತರವನ್ನು ತುಂಬಿದ ಬೋಟಿನ ಲೆಕ್ಕದಲ್ಲೇ ಇಡಿಸಿ, ಖಾಲಿ ಬೋಟಿನದ್ದರಲ್ಲಲ್ಲ.

ಇನ್ನೊಬ್ಬರು: ಒಪ್ಪಿದೆ. ಆದ್ರೂ ಬಲೆ ಎಳೆಯುವಾಗ ಇದರ ಸುಖ ಬೇರೆಯೇ. ಬೋಟು ತೂಗಾಡುವುದು ಕಡಿಮೆ, ಕಾಲು ಊರಿ ನಿಲ್ಲಬಹುದು. ಹಾಲರನ್ನು (ಬಲೆ ಎಳೆಯುವ ಯಂತ್ರ) ಮುಂಭಾಗದಲ್ಲಿ ಒಂದು ಬದಿಗೆ ಹಾಕಿಸಿ. ಎಳೆಯುವಾಗ ಆ ಬದಿಯ ಎಂಜಿನ್ ನ್ಯೂಟ್ರಲ್‌ನಲ್ಲಿಡಿ, ಇನ್ನೊಂದರಿಂದ ಬೋಟು ಹಿಡಿಯಿರಿ. ಬಲೆ ಎರಡು ಹಲ್‌ಗಳ ನಡುವೆ ಸೇರಿಕೊಂಡರೆ ಅವತ್ತಿನ ಕೆಲಸ ಮುಗೀತು. ಒದ್ದೆ ಬಲೆಯ ತೂಕವೂ ಲೆಕ್ಕಕ್ಕೆ ಬರಲಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಮೆಕ್ಯಾನಿಕ್ ಒಬ್ಬರು: ಹಲ್ ಒಳಗೆ ಜಾಗ ಇಕ್ಕಟ್ಟು. ಒಂದು ಕಡೆ ಫಿಲ್ಟರ್ ಬಿಚ್ಚಲು ನಾನು ತಲೆಕೆಳಗಾಗಿ ಮಲಗಬೇಕಾಯ್ತು, ಕೊನೆಗೂ ಕೈ ಎಟುಕಲಿಲ್ಲ. ಎಂಜಿನ್ ಅಳತೆಯ ರಟ್ಟಿನ ಪೆಟ್ಟಿಗೆ ಮಾಡಿ ಮೊದಲೇ ಇಳಿಸಿ ನೋಡಿ. ಎರಡು ಎಂಜಿನ್ನಿಗೂ ಡೀಸೆಲ್ ಟ್ಯಾಂಕ್ ಬೇರೆ ಬೇರೆ ಇರಲಿ. ಒಂದೇ ಟ್ಯಾಂಕಿಗೆ ನೀರು ಸೇರಿದರೆ ಎರಡೂ ನಿಲ್ಲುತ್ತವೆ. ಪ್ರತಿ ಹಲ್‌ಗೂ ಅದರದ್ದೇ ಬಿಲ್ಜ್ ಪಂಪ್ (ತಳದಲ್ಲಿ ಸೇರಿದ ನೀರು ಹೊರಹಾಕುವ ಪಂಪ್), ಅದರದ್ದೇ ಅಲಾರಂ ಬೇಕು. ಒಂದು ಕಡೆ ನೀರು ಸೇರಿದ್ದು ಮೇಲೆ ನಿಂತವರಿಗೆ ಬೇಗ ಗೊತ್ತಾಗಲ್ಲ.

ಮತ್ತೊಬ್ಬರು: ಬೋಟು ವಾಲುವುದಿಲ್ಲ ಅನ್ನುವ ಧೈರ್ಯವೇ ಅಪಾಯ. ಇದು ಒಂದು ಮಿತಿಯವರೆಗೆ ಗಟ್ಟಿಯಾಗಿ ನಿಲ್ಲುತ್ತೆ. ಅದನ್ನು ದಾಟಿ ಮಗುಚಿದರೆ ತಾನಾಗಿ ಮೇಲೇಳುವುದಿಲ್ಲ. ತುಂಬಿದ ಸ್ಥಿತಿಯ ಸ್ಟೆಬಿಲಿಟಿ ಲೆಕ್ಕವನ್ನು ಡಿಸೈನರ್ ಹತ್ತಿರ ಬರಹದಲ್ಲೇ ಕೇಳಿ. ಲೈಫ್ ರಾಫ್ಟ್ ಮಗುಚಿದ ಬೋಟಿನಿಂದಲೂ ಬಿಡಿಸಿಕೊಳ್ಳುವ ಜಾಗದಲ್ಲಿರಲಿ.

ಕೇಳಿದವರು: ಹಾಗಾದ್ರೆ ಒಂದೂವರೆ ಟನ್ನಿಗೆ ಇಳಿಸಲಾ, ಇಲ್ಲ ಉದ್ದ 12 ಮೀಟರ್ ಮಾಡಲಾ?

ಮೊದಲನೆಯವರು: ದುಡ್ಡಿದ್ದರೆ ಉದ್ದ ಮಾಡಿ. ಆದರೆ ಕ್ಯಾಬಿನ್ ಈಗಿನಷ್ಟೇ ಇರಲಿ. ಉದ್ದ ಸಿಕ್ಕಿತು ಅಂತ ಇನ್ನೊಂದು ಕೋಣೆ ಕಟ್ಟಿಸಿದರೆ ಹೆಚ್ಚಾಗಿ ಹೊರಬಹುದಾಗಿದ್ದ ತೂಕ ಅಲ್ಲೇ ಹೋಯ್ತು.