ಎದುರಿನವರ ಕಣ್ಣು ಕುಕ್ಕದ ಹೆಡ್‌ಲೈಟ್ ಬೇಕು: ರಾತ್ರಿ ಓಡಿಸುವವರು ನಿಮ್ಮ ಅನುಭವ ಹೇಳಿ

ಕೇಳುತ್ತಿರುವವರು, ಉತ್ತರಹಳ್ಳಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು 2016ರ ಸಣ್ಣ ಕಾರು. ಹ್ಯಾಲೊಜೆನ್ ದೀಪ, ಎಚ್4 ಬಲ್ಬ್. ಪ್ರತಿ ಶನಿವಾರ ಸಾತನೂರಿನ ಹತ್ತಿರದ ನಮ್ಮೂರಿಗೆ ಹೋಗುತ್ತೇವೆ, ಭಾನುವಾರ ರಾತ್ರಿ ವಾಪಸ್. ಐದು ಜನ, ಬರುವಾಗ ಡಿಕ್ಕಿ ತುಂಬ ಅಕ್ಕಿ ಮೂಟೆ, ತೆಂಗಿನಕಾಯಿ. ಡಿವೈಡರ್ ಇಲ್ಲದ ಕಡೆ ಎದುರಿನ ಗಾಡಿಗಳ ಬೆಳಕಿಗೆ ಕಣ್ಣು ಬಿಡಲು ಆಗುವುದಿಲ್ಲ. ಹೋದ ವಾರ ರಸ್ತೆ ಅಂಚಿನಲ್ಲಿ ಹಸು ಹಿಡಿದುಕೊಂಡು ಹೋಗುತ್ತಿದ್ದ ಒಬ್ಬರು ತೀರಾ ಹತ್ತಿರ ಬಂದ ಮೇಲೆ ಕಂಡರು. ಬ್ರೇಕ್ ಒತ್ತಿದೆ, ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನ ದೀಪವೂ ಮಂಕಾಗಿದೆ. ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಕೇಳಿದೆ. ಇದೇ ಡೂಮ್‌ಗೆ (ಬಲ್ಬ್ ಕೂರುವ ದೀಪದ ಗೂಡಿಗೆ) ಎಲ್‌ಇಡಿ ಬಲ್ಬ್ ಹಾಕಿಸಿಕೊಳ್ಳಿ, ಹಗಲಿನ ಹಾಗೆ ಕಾಣುತ್ತದೆ ಅಂದರು. ನನಗೆ ಆಗುತ್ತಿರುವ ಕಷ್ಟವನ್ನೇ ಇನ್ನೊಬ್ಬರಿಗೆ ಕೊಟ್ಟ ಹಾಗಾಗುತ್ತದೆ ಅನ್ನೋ ಭಯ. ಇನ್ನೂ ಒಂದು ಅರ್ಥವಾಗದ ವಿಷಯ ಇದೆ. ನಾನು ಲೋ ಬೀಮ್‌ನಲ್ಲೇ ಬರುತ್ತಿದ್ದರೂ ಎದುರಿನವರು ನನಗೇ ಡಿಪ್ಪರ್ ಹೊಡೆಯುತ್ತಾರೆ. ಏನು ಮಾಡಲಿ?

ಏರ್‌ಪೋರ್ಟ್ ಕ್ಯಾಬ್ ಚಾಲಕ, ಹದಿನಾಲ್ಕು ವರ್ಷದಿಂದ

ಅಣ್ಣ, ಆ ಬಲ್ಬ್ ಹಾಕಿಸಬೇಡಿ. ನಾನು ಹಾಕಿಸಿ ತೆಗೆಸಿದವನು. ಮೊದಲ ದಿನ ಬಹಳ ಖುಷಿಯಾಯಿತು. ಬಾನೆಟ್ ಮುಂದೆ ಬೆಳ್ಳಗೆ ಹಾಲು ಚೆಲ್ಲಿದ ಹಾಗಿತ್ತು. ಆಮೇಲೆ ಗಮನಿಸಿದರೆ ಬೆಳಕು ಮರದ ಕೊಂಬೆಗೆ, ಎರಡನೇ ಮಹಡಿ ಕಿಟಕಿಗೆಲ್ಲ ಹೋಗುತ್ತಿದೆ. ದೂರದ ರಸ್ತೆ ಮೊದಲಿಗಿಂತ ಕತ್ತಲೆ. ಹತ್ತಿರ ಅಷ್ಟು ಬೆಳ್ಳಗಿದ್ದರೆ ಕಣ್ಣು ಅದಕ್ಕೇ ಹೊಂದಿಕೊಂಡುಬಿಡುತ್ತದೆ, ದೂರದ್ದು ಕಾಣುವುದಿಲ್ಲ. ಮಳೆ ಬಂದ ದಿನ ಬಳ್ಳಾರಿ ರಸ್ತೆಯಲ್ಲಿ ಲೇನ್ ಗೆರೆಯೇ ಗೊತ್ತಾಗಲಿಲ್ಲ.

2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳಿಗೆ ಕೇಸ್ ಹಾಕಲು ಶುರು ಮಾಡಿದರು. ನಾನು ತೆಗೆಸಿದ್ದು ಅದಕ್ಕೂ ಮೊದಲೇ. ಎದುರಿನಿಂದ ಬಂದ ಒಬ್ಬ ಬೈಕ್ ಹುಡುಗ ನನ್ನ ಬೆಳಕಿಗೆ ತಡಬಡಾಯಿಸಿ ಮಣ್ಣಿಗೆ ಇಳಿದ. ಬೀಳಲಿಲ್ಲ. ನಾನು ನಿಲ್ಲಿಸಿ ಹೋಗಿ ಮಾತಾಡಿಸಿದೆ. ಮಾರನೆಯ ದಿನ ಹಳೇ ಬಲ್ಬ್ ವಾಪಸ್ ಹಾಕಿಸಿದೆ.

100 ವ್ಯಾಟ್‌ನ ಹ್ಯಾಲೊಜೆನ್ ಕೂಡ ಬೇಡ. ನನ್ನ ಗೆಳೆಯನ ಗಾಡಿಯಲ್ಲಿ ಹೋಲ್ಡರ್ ಕರಗಿ ಹೋಯಿತು.

ವಾಹನ ದೀಪಗಳ ಡಿಸೈನ್ ಎಂಜಿನಿಯರ್, ವೈಟ್‌ಫೀಲ್ಡ್

ಹೆಡ್‌ಲೈಟ್ ಡಿಸೈನ್ ಮಾಡುವುದೇ ನನ್ನ ಕೆಲಸ, ಹನ್ನೊಂದು ವರ್ಷದಿಂದ. ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಸುಳಿವಿದೆ: ಡಿಕ್ಕಿ ತುಂಬ ಮೂಟೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಬಲ್ಬ್ ವಿಷಯ.

ಒಂದು ಎಚ್4 ಬಲ್ಬ್ ತೆಗೆದು ಬುಡದಲ್ಲಿ ಹಿಡಿದು ನೋಡಿ. ಗಾಜು ಮುಟ್ಟಬೇಡಿ, ಬೆರಳಿನ ಜಿಡ್ಡು ಅಂಟಿದರೆ ಬಲ್ಬ್ ಬೇಗ ಹೋಗುತ್ತದೆ. ಒಳಗೆ ಎರಡು ತಂತಿ ಸುರುಳಿ ಇವೆ. 60 ವ್ಯಾಟ್‌ನದು ಹೈ ಬೀಮ್‌ಗೆ, 55 ವ್ಯಾಟ್‌ನದು ಲೋ ಬೀಮ್‌ಗೆ. ಲೋ ಬೀಮ್ ಸುರುಳಿಯ ಕೆಳಗೆ ಉಗುರಿನಷ್ಟು ಚಿಕ್ಕ ಲೋಹದ ದೊನ್ನೆ ಕಾಣುತ್ತದೆ. ದೇವಸ್ಥಾನದಲ್ಲಿ ಪ್ರಸಾದ ಕೊಡುವ ದೊನ್ನೆಯನ್ನು ಉದ್ದಕ್ಕೆ ಎಳೆದ ಹಾಗೆ. ಎದುರಿನವರ ಕಣ್ಣನ್ನು ಕಾಯುವುದು ಆ ದೊನ್ನೆ. ಸುರುಳಿಯಿಂದ ಕೆಳಕ್ಕೆ ಹೋಗುವ ಬೆಳಕನ್ನು ಅದು ತಡೆಯುತ್ತದೆ. ಬೆಳಕು ಡೂಮ್ ಒಳಗಿನ ರಿಫ್ಲೆಕ್ಟರ್‌ನ ಮೇಲರ್ಧಕ್ಕೆ ಮಾತ್ರ ಬೀಳುತ್ತದೆ, ಅಲ್ಲಿಂದ ತಿರುಗಿ ರಸ್ತೆಗೆ ಇಳಿಯುತ್ತದೆ. ದೊನ್ನೆಯ ಒಂದು ಅಂಚು 15 ಡಿಗ್ರಿ ವಾರೆಯಾಗಿರುತ್ತದೆ. ಅದರಿಂದ ನಮ್ಮ ಎಡಗಡೆ, ಅಂದರೆ ರಸ್ತೆ ಅಂಚಿನ ಕಡೆ, ಬೆಳಕು ಸ್ವಲ್ಪ ಮೇಲೇರುತ್ತದೆ. ನಡೆದು ಹೋಗುವವರು, ಬೋರ್ಡು, ನಿಮಗೆ ತಡವಾಗಿ ಕಂಡ ಆ ಹಸು, ಎಲ್ಲ ಕಾಣಲಿ ಅಂತಲೇ ಈ ವ್ಯವಸ್ಥೆ. ಬಲಗಡೆ, ಎದುರಿನವರು ಬರುವ ಕಡೆ, ಬೆಳಕು ಗೆರೆ ಎಳೆದ ಹಾಗೆ ಕೆಳಗೇ ನಿಲ್ಲುತ್ತದೆ.

ಈಗ ಅದೇ ಜಾಗಕ್ಕೆ ಎಲ್‌ಇಡಿ ಬಲ್ಬ್ ಬಂತು ಅಂದುಕೊಳ್ಳಿ. ಚಿಪ್‌ಗಳು ದಪ್ಪ ಪಟ್ಟಿಯೊಂದರ ಎರಡೂ ಬದಿಗೆ ಕೂತಿರುತ್ತವೆ. ಸುರುಳಿ ಇದ್ದ ಜಾಗದಿಂದ ಒಂದು ಮಿಲಿಮೀಟರ್ ಆಚೀಚೆ ಆದರೂ ಆ ಗೆರೆ ಕದಡಿಹೋಗುತ್ತದೆ. ಕ್ಯಾಬ್ ಅಣ್ಣ ಹೇಳಿದ ಕೊಂಬೆಯ ಮೇಲಿನ ಬೆಳಕು ಅದೇ. ಎಲ್‌ಇಡಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎಲ್‌ಇಡಿಗಾಗಿಯೇ ಲೆನ್ಸು, ರಿಫ್ಲೆಕ್ಟರ್ ಲೆಕ್ಕ ಹಾಕಿ ಮಾಡಿದ ದೀಪಗಳು ತುಂಬ ಚೆನ್ನಾಗಿರುತ್ತವೆ. ಹ್ಯಾಲೊಜೆನ್ ಮನೆಯಲ್ಲಿ ಎಲ್‌ಇಡಿ ಕೂರಿಸಿದಾಗ ಮಾತ್ರ ಈ ಕಷ್ಟ.

ನಾವು ದೀಪವನ್ನು 25 ಮೀಟರ್ ದೂರದ ಪರದೆಯ ಮೇಲೆ ಅಳೆಯುತ್ತೇವೆ. ಪರದೆಯ ಮೇಲೆ ಒಂದು ಚುಕ್ಕೆ ಇದೆ. 50 ಮೀಟರ್ ಆಚೆ ಎದುರು ಬರುತ್ತಿರುವ ಚಾಲಕನ ಕಣ್ಣು ಇರುವ ಜಾಗ ಅದು. ಅಲ್ಲಿ ಒಂದು ಲಕ್ಸ್‌ನಷ್ಟು (ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕೂ ಬೀಳುವಂತಿಲ್ಲ. ಅದಕ್ಕಿಂತ ಚೂರೇ ಕೆಳಗೆ, ರಸ್ತೆಯ ಮೇಲೆ, ಆದಷ್ಟೂ ಜಾಸ್ತಿ ಬೀಳಬೇಕು. ನಮ್ಮ ಒದ್ದಾಟವೆಲ್ಲ ಈ ಎರಡರ ನಡುವಿನ ಗೆರೆಯಲ್ಲಿ. ತೀರಾ ಚೂಪಾದರೆ ಪ್ರತಿ ಗುಂಡಿಗೂ ಬೆಳಕು ಎದುರಿನವರ ಕಣ್ಣಿಗೆ ಫಕ್ ಅಂತ ಹೊಡೆದು ಇಳಿಯುತ್ತದೆ. ಮೆತ್ತಗೆ ಮಾಡಿದರೆ ಬೆಳಕು ಮೇಲಕ್ಕೆ ಸೋರುತ್ತದೆ. ನಮ್ಮ ರಸ್ತೆಗಳಿಗೆ ಸ್ವಲ್ಪ ಮೆತ್ತಗಿರುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಈಗ ಮೂಟೆಗೆ ಬರೋಣ. ನಿಮ್ಮ ಕಾರಿನ ದೀಪ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದೆ ಅಂದುಕೊಳ್ಳಿ. ಲೋ ಬೀಮ್ ಸಾಮಾನ್ಯವಾಗಿ 10 ಮೀಟರ್‌ಗೆ 10 ಸೆಂ.ಮೀ.ನಷ್ಟು ಕೆಳಕ್ಕೆ ಬಾಗಿರಬೇಕು. ಆಗ ಬೆಳಕಿನ ಮೇಲಿನ ಗೆರೆ 65 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಹಿಂದೆ ಮೂರು ಜನ ಕೂತು, ಡಿಕ್ಕಿಗೆ ಮೂಟೆ ಹಾಕಿದಾಗ ಕಾರಿನ ಹಿಂಭಾಗ 5 ಸೆಂ.ಮೀ. ಕುಸಿದರೆ ಮೂತಿ ಮೇಲೇಳುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಸುಮಾರು ಎರಡೂವರೆ ಮೀಟರ್. ಲೆಕ್ಕ ಹಾಕಿದರೆ 10 ಮೀಟರ್‌ಗೆ 20 ಸೆಂ.ಮೀ. ಏರು. ಕೆಳಗೆ ಹತ್ತು ಇದ್ದದ್ದು ಮೇಲಕ್ಕೆ ಹತ್ತು ಆಯಿತು. 50 ಮೀಟರ್ ದೂರದಲ್ಲಿ ಆ ಗೆರೆ 115 ಸೆಂ.ಮೀ. ಎತ್ತರದಲ್ಲಿರುತ್ತದೆ. ಸಣ್ಣ ಕಾರಿನಲ್ಲಿ ಕೂತವರ ಕಣ್ಣು ಹೆಚ್ಚು ಕಮ್ಮಿ ಅಲ್ಲೇ ಇರುವುದು. ನಿಮಗೆ ಡಿಪ್ಪರ್ ಹೊಡೆಯುತ್ತಿರುವುದು ಇದಕ್ಕೇ.

ಸ್ಟೀರಿಂಗ್‌ನ ಬಲಗಡೆ ಡ್ಯಾಶ್‌ಬೋರ್ಡ್‌ನಲ್ಲಿ 0, 1, 2, 3 ಅಂತ ಬರೆದ ಪುಟ್ಟ ಚಕ್ರ ಇದೆಯಾ ನೋಡಿ. ಅದು ಈ ಏರನ್ನು ಇಳಿಸಲಿಕ್ಕೇ ಇರುವುದು. ಎಷ್ಟು ಭಾರಕ್ಕೆ ಯಾವ ನಂಬರ್ ಅಂತ ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ. ಯುರೋಪಿನ ನಿಯಮದಲ್ಲಿ ಲೋ ಬೀಮ್ ಬಲ್ಬ್ 2000 ಲೂಮೆನ್ (ಬಲ್ಬ್ ಕೊಡುವ ಒಟ್ಟು ಬೆಳಕಿನ ಅಳತೆ) ದಾಟಿದರೆ ಈ ಕೆಲಸ ತಾನಾಗಿಯೇ ಆಗುವ ವ್ಯವಸ್ಥೆ ಇರಲೇಬೇಕು. ನಿಮ್ಮ ಎಚ್4 ಲೋ ಬೀಮ್ ಸುಮಾರು 1000 ಲೂಮೆನ್, ಹಾಗಾಗಿ ಕೈಯಲ್ಲೇ ತಿರುಗಿಸಬೇಕು.

ಮಂಕಿಗೂ ಒಂದು ಮಾತು. ಎಂಜಿನ್ ಓಡುತ್ತಿರುವಾಗ ಬಲ್ಬ್‌ನ ಪಿನ್‌ನಲ್ಲಿ ಎಷ್ಟು ವೋಲ್ಟ್ ಬರುತ್ತಿದೆ ಅಂತ ಅಳೆಸಿ. 13.2 ಬರಬೇಕಾದ ಕಡೆ 12 ಬಂದರೆ ಬೆಳಕು ಕಾಲು ಭಾಗಕ್ಕೂ ಜಾಸ್ತಿ ಇಳಿದುಹೋಗುತ್ತದೆ. ಹಳೇ ಕಾರಿನಲ್ಲಿ ಅರ್ತಿಂಗ್ ತುಕ್ಕು ಹಿಡಿದಿರುತ್ತದೆ. ಡೂಮ್ ಹಳದಿಯಾಗಿದ್ದರೆ ಪಾಲಿಶ್ ಮಾಡಿಸಿ. ಮಸುಕಾದ ಡೂಮ್ ನಿಮಗೆ ಬೆಳಕು ಕಮ್ಮಿ ಮಾಡುತ್ತದೆ, ಎದುರಿನವರ ಕಣ್ಣಿಗೆ ಚದುರಿಸುತ್ತದೆ, ಎರಡೂ ನಷ್ಟ.

ಸ್ಕೂಟರ್ ಓಡಿಸುವವಳು, ಸರ್ಜಾಪುರ ರಸ್ತೆ

ಕಾರಿನವರಿಗೆ ನಮ್ಮ ಕಡೆಯ ಮಾತು ಒಂದು. ಹಂಪ್ ಹತ್ತುವಾಗ ಕಾರಿನ ಮೂತಿ ಮೇಲೇಳುತ್ತಲ್ಲ, ಆ ಒಂದು ಕ್ಷಣ ನಮಗೆ ಮುಂದೆ ಏನೂ ಕಾಣುವುದಿಲ್ಲ. ಹೆಲ್ಮೆಟ್ ಗಾಜಿನ ಗೀರುಗಳೆಲ್ಲ ಬೆಳ್ಳಗೆ ಹೊಳೆಯುತ್ತವೆ. ಗುಂಡಿ ಇದ್ದರೆ ಆಗಲೇ ಬೀಳುವುದು. ದಯವಿಟ್ಟು ಹಂಪ್ ಹತ್ತಿರ ಎದುರಿಗೆ ಟೂ ವೀಲರ್ ಕಂಡರೆ ನಿಧಾನ ಮಾಡಿ.

ತಾನಾಗಿ ಡಿಪ್ ಆಗುವ ಕಾರುಗಳನ್ನೂ ಪೂರ್ತಿ ನಂಬಬೇಡಿ. ಕಾರು ಬಂದರೆ ಇಳಿಯುತ್ತದೆ. ನನ್ನ ಸ್ಕೂಟರಿನ ಒಂಟಿ ದೀಪಕ್ಕೆ ಎಷ್ಟೋ ಸಲ ಇಳಿಯುವುದಿಲ್ಲ. 2017ರ ಏಪ್ರಿಲ್‌ನಿಂದ ಹೊಸ ಟೂ ವೀಲರ್‌ಗಳ ಹೆಡ್‌ಲೈಟ್ ಯಾವಾಗಲೂ ಉರಿಯುತ್ತಲೇ ಇರುತ್ತದೆ, ಆದರೂ ಹೀಗೆ. ನಡೆದು ಹೋಗುವವರ ಹತ್ತಿರ ದೀಪವೇ ಇರುವುದಿಲ್ಲ, ಅವರಿಗೆ ಡಿಪ್ ಮಾಡುವವರು ಯಾರು? ಕೈ ಆ ಕಡ್ಡಿಯ ಮೇಲೇ ಇರಲಿ.

ನಿವೃತ್ತ ಬಸ್ ಚಾಲಕ, ರಾಜಾಜಿನಗರ

ನೋಡಪ್ಪ, ದೀಪದ ಬಗ್ಗೆ ಇವರೆಲ್ಲ ಸರಿಯಾಗಿ ಹೇಳಿದ್ದಾರೆ. ನಾನು ಕಣ್ಣಿನ ಬಗ್ಗೆ ಹೇಳುತ್ತೇನೆ. ಅರವತ್ತು ದಾಟಿದ ಮೇಲೆ ನನಗೂ ಎದುರಿನ ಬೆಳಕು ಸಹಿಸಲು ಆಗುತ್ತಿರಲಿಲ್ಲ. ಪ್ರತಿ ದೀಪದ ಸುತ್ತ ಮಳೆಗಾಲದ ಚಂದ್ರನಿಗೆ ಕಟ್ಟಿದ ಹಾಗೆ ಬಳೆ. ಈ ಹಾಳು ಎಲ್‌ಇಡಿ ಅಂತ ಎರಡು ವರ್ಷ ಬೈದುಕೊಂಡೇ ಓಡಾಡಿದೆ. ಮಗಳು ಬಲವಂತ ಮಾಡಿ ಕಣ್ಣು ತೋರಿಸಿದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪೊರೆ ಒಳಗೆ ಬೆಳಕು ಚದುರುತ್ತದಂತೆ. ಆಪರೇಷನ್ ಆದ ಮೇಲೆ ಅದೇ ರಸ್ತೆ, ಅವೇ ಗಾಡಿಗಳು, ಬಳೆ ಮಾತ್ರ ಇಲ್ಲ. ನಿನಗೆ ವಯಸ್ಸು ಎಷ್ಟೋ ಗೊತ್ತಿಲ್ಲ, ನಲವತ್ತು ದಾಟಿದ್ದರೆ ಒಮ್ಮೆ ತೋರಿಸು.

ಮುಂದಿನ ಗಾಜನ್ನು ಒಳಗಡೆಯಿಂದ ಒರೆಸು. ಹೊರಗಡೆ ಎಲ್ಲರೂ ಒರೆಸುತ್ತಾರೆ, ಒಳಗೆ ಕಟ್ಟಿದ ಮಬ್ಬು ಹಾಗೇ ಇರುತ್ತದೆ. ಹಿಂದಿನ ಗಾಡಿಯ ಬೆಳಕು ಕನ್ನಡಿಗೆ ಹೊಡೆದರೆ ಒಳಗಿನ ಕನ್ನಡಿಯ ಕೆಳಗಿರುವ ಪುಟ್ಟ ಕಡ್ಡಿಯನ್ನು ಮಡಚು. ಎದುರಿನ ಬೆಳಕನ್ನು ನೋಡಬೇಡ, ಎಡಗಡೆ ಬಿಳಿ ಗೆರೆ ನೋಡಿಕೊಂಡು ನಿಧಾನಕ್ಕೆ ಹೋಗು. ರಾತ್ರಿ ಡ್ರೈವಿಂಗ್‌ಗೆ ಅಂತ ಹಳದಿ ಕನ್ನಡಕ ಮಾರುತ್ತಾರೆ, ಸುಮ್ನೆ ದುಡ್ಡು ದಂಡ. ಅದು ಇರುವ ಬೆಳಕನ್ನೂ ಕಮ್ಮಿ ಮಾಡುತ್ತದೆ.

ಹೆದ್ದಾರಿ ಡಿವೈಡರ್‌ನಲ್ಲಿ ಕಣಗಿಲೆ ಗಿಡ ನೆಟ್ಟಿರುತ್ತಾರಲ್ಲ, ಅದು ಬರೀ ಅಂದಕ್ಕಲ್ಲ. ಎದುರಿನ ಬೆಳಕಿಗೆ ಅಡ್ಡ ನಿಲ್ಲಲಿ ಅಂತ. ಗಿಡ ಒಣಗಿದ ಕಡೆ ಕಣ್ಣಿಗೆ ಹೇಗೆ ಹೊಡೆಯುತ್ತದೆ ಅಂತ ಓಡಿಸುವವರಿಗೆ ಗೊತ್ತು.

ಕೇಳಿದವರು, ಉತ್ತರಹಳ್ಳಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಂಜಿನಿಯರ್ ಸರ್, ಒಂದೇ ಪ್ರಶ್ನೆ. ಹೈ ಬೀಮ್ ಹಾಕಿಕೊಂಡೇ ಹೋಗಬೇಕು, ಎದುರಿನವರಿಗೂ ತೊಂದರೆ ಆಗಬಾರದು, ಅಂಥ ದೀಪ ಮಾಡಲು ಸಾಧ್ಯವಿಲ್ವಾ?

ಡಿಸೈನ್ ಎಂಜಿನಿಯರ್

ಇದೆ. 2013ರಲ್ಲಿ ಆಡಿ ಎ8 ಕಾರಿನಲ್ಲಿ ಬಂದ ಮ್ಯಾಟ್ರಿಕ್ಸ್ ದೀಪದಲ್ಲಿ ಹೈ ಬೀಮ್ ಅನ್ನು ಒಂದೊಂದು ಕಡೆ 25 ಎಲ್‌ಇಡಿಗಳಾಗಿ ಒಡೆದಿದ್ದರು. ಗಾಜಿನ ಹಿಂದಿನ ಕ್ಯಾಮೆರಾ ಎದುರಿನ ಗಾಡಿಯನ್ನು ಗುರುತಿಸುತ್ತದೆ. ಅದರ ಕಡೆ ನೋಡುವ ಎಲ್‌ಇಡಿ ಮಾತ್ರ ಆರುತ್ತದೆ, ಉಳಿದವು ಉರಿಯುತ್ತವೆ. ಕತ್ತಲೆಯ ಒಂದು ಕಿಟಕಿ ಆ ಗಾಡಿಯ ಜೊತೆಗೇ ಸರಿಯುತ್ತಾ ಹೋಗುತ್ತದೆ. ಮೊದಲ ಸಲ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಅಮೆರಿಕದ ನಿಯಮ ಇದಕ್ಕೆ ಒಪ್ಪಿಗೆ ಕೊಟ್ಟದ್ದು 2022ರಲ್ಲಿ.

ನನಗೆ ಇದಕ್ಕಿಂತಲೂ ಇಷ್ಟವಾದದ್ದು ಹಳೆಯದೊಂದು ಉಪಾಯ. ಮುಂದೆ ಪೋಲರಾಯ್ಡ್ ಕ್ಯಾಮೆರಾ ಮಾಡಿದ ಎಡ್ವಿನ್ ಲ್ಯಾಂಡ್ ಯೋಚಿಸಿದ್ದು. ಎಲ್ಲ ಕಾರುಗಳ ದೀಪಕ್ಕೂ ಚಾಲಕನ ಮುಂದಿನ ಪರದೆಗೂ ಒಂದೇ ದಿಕ್ಕಿಗೆ 45 ಡಿಗ್ರಿ ವಾಲಿದ ಧ್ರುವೀಕರಣ ಹಾಳೆ, ಅಂದರೆ ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ. ನಿಮ್ಮ ಬೆಳಕು ನಿಮ್ಮ ಪರದೆಯಲ್ಲಿ ಹಾಯುತ್ತದೆ. ಎದುರಿನ ಕಾರು ತಿರುಗಿ ನಿಂತಿರುವುದರಿಂದ ಅದರ ವಾಲು ನಿಮಗೆ ಅಡ್ಡವಾಗುತ್ತದೆ, ಬೆಳಕು ಅಲ್ಲೇ ನಿಲ್ಲುತ್ತದೆ. ಆದರೆ ಹಾಳೆ ಅರ್ಧದಷ್ಟು ಬೆಳಕು ನುಂಗುತ್ತದೆ. ಜೊತೆಗೆ ರಸ್ತೆಯ ಎಲ್ಲ ಗಾಡಿಗೂ ಅದು ಇದ್ದರೆ ಮಾತ್ರ ಪ್ರಯೋಜನ. ಅದಕ್ಕೇ ಬಳಕೆಗೆ ಬರಲಿಲ್ಲ.

ನಿಮಗೆ ಇವ್ಯಾವುದೂ ಬೇಡ. ಗೋಡೆ ಹತ್ತಿರ ನಿಲ್ಲಿಸಿ ಫೋಕಸ್ ನೋಡಿ ಸಾಕು. ಸಮತಟ್ಟಾದ ನೆಲ, ಟೈರಿಗೆ ಸರಿಯಾದ ಗಾಳಿ, ಡ್ರೈವರ್ ಸೀಟಿನಲ್ಲಿ ಒಬ್ಬರು. ದೀಪದಿಂದ ಗೋಡೆಗೆ 5 ಮೀಟರ್. ಬೆಳಕಿನ ಗೆರೆ ದೀಪದ ನಡುಮಟ್ಟಕ್ಕಿಂತ 5 ಸೆಂ.ಮೀ. ಕೆಳಗಿರಬೇಕು.

ಕೇಳಿದವರು, ಎರಡು ವಾರದ ನಂತರ

ಹೇಳಿದ್ದನ್ನೆಲ್ಲ ಮಾಡಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಎಡಗಡೆ ದೀಪ ಸರಿಯಾಗಿ 5 ಸೆಂ.ಮೀ. ಕೆಳಗಿತ್ತು. ಬಲಗಡೆಯದು ನಡುಮಟ್ಟಕ್ಕಿಂತ 3 ಸೆಂ.ಮೀ. ಮೇಲೆ! ಎರಡು ವರ್ಷದ ಹಿಂದೆ ಬಂಪರ್ ರಿಪೇರಿ ಮಾಡಿಸಿದಾಗ ಆ ಡೂಮ್ ಬಿಚ್ಚಿ ಹಾಕಿದ್ದರು, ಫೋಕಸ್ ನೋಡಿರಲಿಲ್ಲ. ಬಲಗಡೆ ಅಂದರೆ ಎದುರಿನವರ ಕಡೆಯೇ ಅಲ್ವಾ. ಅದರ ಮೇಲೆ ಮೂಟೆ ಬೇರೆ. ಎಷ್ಟು ಜನರ ಕಣ್ಣಿಗೆ ಹೊಡೆದಿದ್ದೇನೋ, ನೆನೆಸಿಕೊಂಡರೆ ಬೇಜಾರಾಗುತ್ತದೆ. ಮೆಕ್ಯಾನಿಕ್ ಹಿಂದಿನ ಸ್ಕ್ರೂ ತಿರುಗಿಸಿ ಹತ್ತೇ ನಿಮಿಷದಲ್ಲಿ ಸರಿ ಮಾಡಿದರು. ವೋಲ್ಟ್ ಅಳೆದರೆ 11.8. ಅರ್ತಿಂಗ್ ವೈರ್ ಬದಲಾಯಿಸಿ, ರಿಲೇ (ದೀಪಕ್ಕೆ ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಡುವ ಸ್ವಿಚ್) ಹಾಕಿದ ಮೇಲೆ 13.1 ಬಂತು. ಡೂಮ್ ಪಾಲಿಶ್ ಆಯಿತು. ಬಲ್ಬ್ ಅದೇ ಎಚ್4, ಹೊಸ ಜೋಡಿ. ಗಾಜನ್ನು ಒಳಗಡೆ ಒರೆಸಿದಾಗ ಬಟ್ಟೆ ಬೂದು ಬಣ್ಣಕ್ಕೆ ತಿರುಗಿತು. ಕಣ್ಣು ತೋರಿಸಲು ಮುಂದಿನ ವಾರ ಹೋಗುತ್ತೇನೆ, ಅಜ್ಜ.

ಮೊನ್ನೆ ಭಾನುವಾರ ಅಷ್ಟೇ ಜನ, ಅಷ್ಟೇ ಮೂಟೆ. ಪುಸ್ತಕ ನೋಡಿ ಚಕ್ರವನ್ನು 3ಕ್ಕೆ ತಿರುಗಿಸಿದೆ. ಒಂಬತ್ತು ವರ್ಷದಲ್ಲಿ ಅದನ್ನು ಮುಟ್ಟಿದ್ದು ಅದೇ ಮೊದಲು. ಸಾತನೂರಿನಿಂದ ತಲಘಟ್ಟಪುರದವರೆಗೆ ಒಬ್ಬರೂ ಡಿಪ್ಪರ್ ಹೊಡೆಯಲಿಲ್ಲ. ಕನಕಪುರಕ್ಕೆ ಮೊದಲು, ಎಡಗಡೆ ಅಂಚಿನಲ್ಲಿ ಒಬ್ಬರು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ದೂರದಿಂದಲೇ ಕಂಡರು. ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ ಇದ್ದದ್ದೂ ಕಂಡಿತು.